ತಿರುವಿನ ಬೋರ್ಡು ಹೊಳೆದ ಸಂಜೆ

ಜನವರಿ ಹತ್ತು, ಶನಿವಾರ. ಬೆಳಿಗ್ಗೆ ಎಂಟೂಕಾಲಿಗೆ ಮಾನ್ವಿ ಠಾಣೆಯ ಮೆಟ್ಟಿಲು ಹತ್ತಿದ ಆದೆಮ್ಮನ ಎಡಗೈ ಪ್ಲಾಸ್ಟರಿನಲ್ಲಿತ್ತು. ಬಾಯಿ ಮಾತ್ರ ಪೂರ್ತಿ ಆರೋಗ್ಯವಾಗಿತ್ತು.

"ಬರಕೋರಿ ಮೇಡಮ್ಮೋರೆ. ಡ್ರೈವರ್ ಹನುಮಂತ್ರಾಯ ಗಾಡಿ ನಡಸಾಕತ್ತಾಗನ ನಿದ್ದಿ ಹೊಡದ. ಹದಿನಾಲ್ಕು ಮಂದಿ ಹೆಣ್ಮಕ್ಕಳನ್ನ ಜ್ವಾಳದ ಹೊಲಕ್ಕ ಕೆಡವಿದ. ಸತ್ತಿದ್ರ ಏನ್ ಗತಿ?"

ಪಿಎಸ್‌ಐ ಕಲ್ಯಾಣಿ ಬರೆದುಕೊಂಡಳು. ಚೀಕಲಪರ್ವಿಯಲ್ಲಿ ಮೆಣಸಿನಕಾಯಿ ಬಿಡಿಸಿ ಹಿಂದಿರುಗುತ್ತಿದ್ದ ಕೂಲಿ ಹೆಂಗಸರ ಕ್ರೂಸರ್ ಗಾಡಿ. ಹಿಂದಿನ ಸಂಜೆ ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೊಲಕ್ಕಿಳಿದು ಮಗುಚಿತ್ತು. ಹೊತ್ತು ಗೊತ್ತುಮಾಡುವುದು ಕಷ್ಟವಾಗಲಿಲ್ಲ. ಆದೆಮ್ಮ ಮಗಳಿಗೆ ಫೋನು ಮಾಡಿ "ಅನ್ನಕ್ಕಿಡು" ಎನ್ನುತ್ತಿದ್ದಾಗಲೇ ಗಾಡಿ ಬಿದ್ದಿತ್ತು; ಕರೆ ಕಡಿದದ್ದು 6.42ಕ್ಕೆ. ಬಿಎನ್‌ಎಸ್ 281 ಮತ್ತು 125ರ ಅಡಿ ಎಫ್‌ಐಆರ್ ಆಯಿತು. ಆರೋಪಿ ಹನುಮಂತ್ರಾಯ, ವಯಸ್ಸು ನಲವತ್ತೊಂದು.

ಆರೋಪಿ ಆಸ್ಪತ್ರೆಯ ಬೆಂಚಿನ ಮೇಲಿದ್ದ, ಹಣೆಗೆ ಆರು ಹೊಲಿಗೆ. ರಕ್ತದಲ್ಲಿ ಮದ್ಯವಿಲ್ಲ ಎಂದು ವರದಿ ಬಂದಿತ್ತು.

"ಏನಾಯಿತು?"

"ಕಣ್ಣಿಗೆ ನೀಲಿ ಬೆಳಕು ಬಡೀತ್ರೀ. ಆಮ್ಯಾಗ ಏನೂ ಕಾಣಲಿಲ್ಲ."

"ಬೆಳಕು ಯಾರು ಬಿಟ್ಟರು?"

"ಗೊತ್ತಿಲ್ರೀ. ಕಣ್ಣಿನ ಡಾಕ್ಟರು ನೋಡಿ ಒಳಗ ಏನೂ ಗಾಯ ಇಲ್ಲ ಅಂದ್ರು. ಮಾಲಕ ಬಂದು ಕೀಲಿ ಇಸಕೊಂಡು ಹ್ವಾದ. ಊರಾಗ ಎಲ್ಲರೂ ನಿದ್ದಿ ಹೊಡದ ಅನ್ನಾಕತ್ಯಾರ." ಅವನು ಅಂಗೈ ನೋಡಿಕೊಂಡ. "ಹತ್ತೊಂಬತ್ತು ವರ್ಷ ಗಾಡಿ ನಡಸೀನಿ ಮೇಡಂ. ಈಗ ನನಗೂ ಹಂಗ ಅನಸಾಕತ್ತೈತಿ. ಕಣ್ಣು ಮುಚ್ಚಿದ್ನೇನೋ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಎಲ್ಲ ಕಡೆಯೂ ಇದೆ. ಆದರೆ ಎತ್ತೇ ತಾನು ಈದೆನೇನೋ ಎಂದು ಒಪ್ಪಿಕೊಳ್ಳಲು ಹೊರಟಿದ್ದನ್ನು ಕಲ್ಯಾಣಿ ಮೊದಲ ಬಾರಿ ನೋಡುತ್ತಿದ್ದಳು. ನಿದ್ದೆ ಎಂದು ಸಾಬೀತಾದರೆ ಇವನ ಲೈಸೆನ್ಸ್ ಹೋಗುತ್ತದೆ, ಹೊಟ್ಟೆಪಾಡು ಹೋಗುತ್ತದೆ, ನಿಜವಲ್ಲದಿದ್ದರೂ ಹೋಗುತ್ತದೆ. ಅವಳು ಆದೆಮ್ಮನನ್ನು ಮತ್ತೆ ಕರೆಸಿದಳು.

"ಬೆಳಕು ಏನಾದರೂ ಕಂಡಿತ್ತಾ?"

"ನಾ ಹಿಂದ ಕುಂತಿದ್ದೆ, ನನಗೇನ್ ಕಾಣತೈತಿ?" ಆದೆಮ್ಮ ತಡೆದಳು. "ಗಾಡಿ ಒಳಗ ಒಂದು ಗಳಿಗಿ ಎಲ್ಲಾರ ಮಾರಿ ನೀಲಿ ಆಗಿದ್ವು ನೋಡ್ರಿ. ಯಾರದರೆ ಫೋನಿಂದು ಇರಬೇಕು ಅನಕೊಂಡೆ."

ಕಲ್ಯಾಣಿಯ ಪೆನ್ನು ನಿಂತಿತು. ನಿದ್ದೆಗೆ ಬಣ್ಣವಿರುವುದಿಲ್ಲ.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ರಸ್ತೆಯ ಮೇಲೆ ಬ್ರೇಕಿನ ಗುರುತಿಲ್ಲ. ತಿರುವಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ಹೊಳೆಯುವ ಹಳದಿ ಬಾಣಗಳ ಎಚ್ಚರಿಕೆ ಬೋರ್ಡು. ಕಲ್ಯಾಣಿ ರಸ್ತೆಯ ನಡುವೆ, ಡ್ರೈವರ್ ಕೂತಿರಬಹುದಾದ ಎತ್ತರಕ್ಕೆ ಜೀಪಿನ ಮೆಟ್ಟಿಲ ಮೇಲೆ ನಿಂತು ಎದುರಿಗೆ ನೋಡಿದಳು. ಜೋಳದ ಹೊಲ, ಅದರಾಚೆ ಮುನ್ನೂರು ಮೀಟರಿನಲ್ಲಿ ಕಾಲುವೆಯ ಏರಿ. ಅಷ್ಟೇ. ಅವಳು ಹೊಲ ದಾಟಿ ಏರಿ ಹತ್ತಿದಳು. ಕಾನ್‌ಸ್ಟೇಬಲ್ ಸಿದ್ರಾಮ ಗೊಣಗುತ್ತ ಹಿಂದೆ ಬಂದ. ಮೇಲೆ ಹತ್ತಿದವನೇ ಗಕ್ಕನೆ ನಿಂತ.

ಒಣಗಿದ ಕೆಸರಿನಲ್ಲಿ ಹನ್ನೊಂದು ಬೆಂಕಿಕಡ್ಡಿಗಳು ಬೆರಳಂತರಕ್ಕೊಂದರಂತೆ ಸಾಲಾಗಿ ನಿಂತಿದ್ದವು. ಪಕ್ಕದ ಜಾಲಿಗೆ ಕರಿ ಬಲೂನಿನ ಚೂರುಗಳು ಸಿಕ್ಕಿಕೊಂಡಿದ್ದವು.

"ಮಾಟ ಮೇಡಂ!" ಸಿದ್ರಾಮ ಎರಡು ಹೆಜ್ಜೆ ಹಿಂದೆ ಸರಿದ. "ಮುಟ್ಟಬ್ಯಾಡ್ರಿ. ಕರೇದು, ಬೆಂಕಿ, ಬೆಸಸಂಖ್ಯೆ... ಎಲ್ಲಾ ಲೆಕ್ಕ ಕೂಡತದ."

"ನಿನ್ನ ಲೆಕ್ಕ ಆಮೇಲೆ. ಕಡ್ಡಿ ನೋಡು."

ಹತ್ತು ಕಡ್ಡಿಗಳ ತಲೆ ಮಾತ್ರ ಸುಟ್ಟಿತ್ತು. ಹನ್ನೊಂದನೆಯದು ಹತ್ತಿರಲಿಲ್ಲ, ಮದ್ದಿನ ಒಂದು ಮಗ್ಗುಲಲ್ಲಿ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಯಿತ್ತು. ಬೆಂಕಿಪೊಟ್ಟಣ ಎಲ್ಲಿಯೂ ಇಲ್ಲ, ಗೀರಿದ ಗುರುತೂ ಇಲ್ಲ. ಯಾರೋ ಕಡ್ಡಿಗಳನ್ನು ಮುಟ್ಟದೆಯೇ ಹೊತ್ತಿಸಿದ್ದರು. ಎಲ್ಲವನ್ನೂ ಪೊಟ್ಟಣ ಕಟ್ಟಿ ಮೊಹರು ಹಾಕಿದರು. ಹೊಲದ ಯಜಮಾನ ಮತ್ತು ಅಲ್ಲೇ ಕಾಲುವೆಯ ನೀರು ಬಿಡುವ ಗೇಟಿನ ಬಳಿಯಿದ್ದ ನೀರಗಂಟಿ ಪಂಚರಾಗಿ ಸಹಿ ಮಾಡಿದರು.

ಸಂಜೆ ನಾಲ್ಕಕ್ಕೆ ಸಿದ್ರಾಮ ಚಹಾದಂಗಡಿಯಿಂದ ಫೋನು ಎತ್ತಿ ಹಿಡಿದುಕೊಂಡೇ ಓಡಿ ಬಂದ. ಅರ್ಧ ಚಹಾ ಅಂಗಿಯ ಮೇಲಿತ್ತು.

"ಮಾಟ ಅಲ್ರೀ ಮೇಡಂ, ಲೇಸರ್ರು! ನೋಡ್ರಿ ಇಲ್ಲಿ!"

ವಿಡಿಯೊದಲ್ಲಿ ಯಾರೋ ವಿದೇಶದವನು ಕೈಯಲ್ಲಿ ಹಿಡಿದ ಟಾರ್ಚಿನಿಂದ ನೀಲಿ ಗೆರೆ ಬಿಟ್ಟು, ಸಾಲು ಕಡ್ಡಿಗಳನ್ನು ಒಂದೊಂದಾಗಿ ಹೊತ್ತಿಸುತ್ತಿದ್ದ. ಕೊನೆಗೆ ಕರಿ ಬಲೂನು ಟಪ್ಪೆಂದಿತು. ಕಲ್ಯಾಣಿ ಮೂರು ಬಾರಿ ನೋಡಿದಳು.

"ನಮ್ಮ ಕಡೆ ಇಂಥದ್ದು ಯಾರ ಹತ್ತಿರ ಇರುತ್ತದೆ?"

"ರಾಯಚೂರಾಗ ಮಹಮ್ಮದ್ ಹುಸೇನ್ ಅಂತ ಟಿವಿ ರಿಪೇರಿ ಮಾಡತಾನ್ರೀ. ಐತವಾರ ಐತವಾರ ಅವನ ಅಂಗಡಿ ಹಿಂದ ಈ ಹುಚ್ಚಿನ ಮಂದಿ ಕೂಡತದಂತ."

ಭಾನುವಾರ ಸಂಜೆ ಐದಕ್ಕೆ ಅವರು ಆ ಹುಚ್ಚಿನ ಮಂದಿಯ ನಡುವೆ ನಿಂತಿದ್ದರು. ಕತ್ತಲ ಕೋಣೆ. ಐವತ್ತು ದಾಟಿದ ಮೂವರು ಗಂಡಸರು ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡು ಮೇಜಿನ ಸುತ್ತ ಬಗ್ಗಿದ್ದರು. ಪೊಲೀಸರನ್ನು ಕಂಡು ಎದ್ದರು, ಆದರೆ ಕಲ್ಯಾಣಿ "ಇದು ಹೇಗೆ ಕೆಲಸ ಮಾಡುತ್ತದೆ?" ಎಂದದ್ದೇ ತಡ, ಹೆದರಿಕೆ ಮರೆತು ಮೂವರೂ ಒಟ್ಟಿಗೆ ಮಾತಾಡತೊಡಗಿದರು.

"ಅರೆ, ಒಬ್ಬೊಬ್ಬರು ಮಾತಾಡ್ರೋ!" ಹುಸೇನ್ ಅವಳ ಕೈಗೊಂದು ಕನ್ನಡಕ ಕೊಟ್ಟ. "ಮೊದಲು ಇದು ಹಾಕ್ಕೋರಿ. ಇದಿಲ್ದ ನಮ್ಮಲ್ಲಿ ಸ್ವಿಚ್ ಒತ್ತಂಗಿಲ್ಲ. ಸತ್ತ ಪ್ರೊಜೆಕ್ಟರ್ ಇರತದಲ್ರೀ, ಅದರೊಳಗಿನ ನೀಲಿ ಡಯೋಡು ಇದು. ಹಳೇ ಲ್ಯಾಪ್‌ಟಾಪಿನ ಎರಡು ಸೆಲ್ಲು. ಈ ಮೊಳಿ ಕೂದಲೆಳಿಯಷ್ಟು ತಿರುವಿದ್ರ ಕರೆಂಟ್ ಏರತದ. ಜಾಸ್ತಿ ತಿರುವಿದ್ರ ಖತಂ. ಹೋದ ತಿಂಗಳು ನಂದೊಂದು ಸತ್ತಾಗ ಊಟ ಸೇರಲಿಲ್ಲ."

ಅವನು ಲೆನ್ಸನ್ನು ಉಗುರಿನಿಂದ ತಿರುವಿದ. ಗೋಡೆಯ ಮೇಲಿನ ಮಬ್ಬು ಮಚ್ಚೆ ಕುಗ್ಗಿ, ಬಿಗಿದು, ಸಣ್ಣ ಕಡ್ಡಿಯಂತಾಯಿತು. ಕರಿ ರಟ್ಟಿನಿಂದ ಹೊಗೆ ಎದ್ದಿತು. "ಆಹಾ!" ಎಂದು ಮೊದಲು ಕೂಗಿದವನು ಸಿದ್ರಾಮ. ಅವನ ಕೈಗೆ ಟಾರ್ಚು ಕೊಟ್ಟಾಗಲಂತೂ ಅವನು ಡ್ಯೂಟಿಯಲ್ಲಿದ್ದೇನೆ ಎಂಬುದನ್ನೇ ಮರೆತ. ಕಲ್ಯಾಣಿ ಗದರಬೇಕೆಂದಿದ್ದಳು, ಅವಳಿಗೂ ಒಮ್ಮೆ ಹಿಡಿಯಬೇಕು ಎನಿಸುತ್ತಿತ್ತು, ಆದ್ದರಿಂದ ಸುಮ್ಮನಾದಳು.

"ದೂರಕ್ಕೆ ಹೋಗುತ್ತದಾ?"

"ಅದೇ ಅಸಲಿ ಮಜಾ. ಬೆಳಕು ಹರಡದಂಗ ಲೆನ್ಸ್ ಕೂಡಸಬೇಕು. ಅದಕ್ಕ ದೂರದ ಗುರಿ ಬೇಕು. ರಸ್ತೆ ಬೋರ್ಡಿನ ಹೊಳೆಯೋ ಸ್ಟಿಕ್ಕರ್ ಎಲ್ಲಕಿಂತ ಛಲೋ. ಬೆಳಕು ಬಿದ್ದ ಕಡೀಗೇ ವಾಪಸ್ ಕಳಸತದ. ಹಿಂದೊಮ್ಮಿ ಮಾನ್ವಿ ಕಡೆಯಿಂದ ಒಬ್ಬ ಬಂದು ಕೇಳಿದ, ಅವಗೂ ಇದನ್ನ ಹೇಳಿದೆ. ರಸ್ತಾ ಪೂರ್ತಿ ಖಾಲಿ ಇದ್ದಾಗ ಮಾತ್ರ ಅಂತ..." ಹುಸೇನನ ಮಾತು ಅಲ್ಲಿಗೇ ನಿಂತಿತು. ಕನ್ನಡಕ ತೆಗೆದ. "ಯಾಕ್ರೀ ಮೇಡಂ? ಏನಾತು?"

ಕಲ್ಯಾಣಿ ಹೇಳಿದಳು. ಹುಸೇನ್ ಸಿದ್ರಾಮನ ಕೈಯಿಂದ ಟಾರ್ಚು ತೆಗೆದುಕೊಂಡು ಮೇಜಿನ ಮೇಲಿಟ್ಟ.

"ನಾನ ಹೇಳಿಕೊಟ್ಟೆ," ಎಂದ ಹುಸೇನ್. "ಹೆಸರು ಕೇಳಲಿಲ್ಲ. ಡಯೋಡು ದೇವದುರ್ಗದ ಪೀರಾ ಸಾಬ್ ಹತ್ತಿರ ತಗೊಂಡೀನಿ ಅಂದಿದ್ದ. ಗುಜರಿ ಅಂಗಡಿ ಅವಂದು."

ಸೋಮವಾರ ಬೆಳಿಗ್ಗೆ ಹತ್ತಕ್ಕೆಲ್ಲ ಜೀಪು ದೇವದುರ್ಗದಲ್ಲಿತ್ತು. ಪೀರಾ ಸಾಬ್ ತುಕ್ಕು ಹಿಡಿದ ಫ್ಯಾನುಗಳ ರಾಶಿಯ ನಡುವೆ ಕೂತು ತಕ್ಕಡಿ ತೂಗುತ್ತಿದ್ದ.

"ಸತ್ತ ಪ್ರೊಜೆಕ್ಟರು ಎಷ್ಟು ಮಾರಿದೆ?"

"ಮೂರ್ರೀ. ಎರಡು ರಾಯಚೂರು ಹುಸೇನಗ. ಒಂದು ಸೂಗಪ್ಪಗ."

"ಯಾವ ಸೂಗಪ್ಪ?"

"ಮಾನ್ವಿ ಕಡೆ ಕಾಲುವಿ ಮ್ಯಾಲ ನೀರಗಂಟಿ ಅದಾನಲ್ರೀ. ಹಳೇ ಸೈಕಲ್ಲು, ಹಸರು ಮಫ್ಲರು."

ಕಲ್ಯಾಣಿ ಕಡತ ಬಿಚ್ಚಿದಳು. ಸ್ಥಳ ಪಂಚನಾಮೆಯ ಕೊನೆಯ ಪುಟದಲ್ಲಿ ಎರಡನೆಯ ಸಹಿ, ಗುಂಡಗಿನ ಅಕ್ಷರದಲ್ಲಿ: ಸೂಗಪ್ಪ, ನೀರಗಂಟಿ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದರು. ಸಿದ್ರಾಮ ಹಣೆ ಬಡಿದುಕೊಂಡ. "ನನ್ನ ಮಗ್ಗಲದಾಗ ನಿಂತು ಸಹಿ ಮಾಡಿದ್ನಲ್ರೀ! ಮಾಟ ಅಂದ್ರ 'ಹೌದ್ ಸಾಹೇಬ್ರ' ಅಂದ!"

ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಅವರು ಏರಿ ಮುಟ್ಟಿದಾಗ ಸೂಗಪ್ಪ ಗೇಟಿಗೆ ಗ್ರೀಸು ಹಚ್ಚುತ್ತಿದ್ದ. ಜೀಪು ಕಂಡು ಕೈ ಒರೆಸಿಕೊಂಡ. ಓಡಲಿಲ್ಲ.

"ಎಲ್ಲಿದೆ?"

ಅವನು ಗೇಟಿನ ಕೋಣೆಯ ಒಳಗಿಂದ ಹಳೆಯ ಊಟದ ಡಬ್ಬಿ ತಂದ. ಅದರೊಳಗೆ ಬಟ್ಟೆ ಸುತ್ತಿದ ಟಾರ್ಚು, ಒಂದು ಕಿತ್ತಳೆ ಕನ್ನಡಕ, ಒಂದು ನೂರು ಪುಟದ ನೋಟುಬುಕ್ಕು.

"ರಸ್ತೆಯಲ್ಲಿ ಗಾಡಿ ಬರುತ್ತಿರುವುದು ಕಾಣಲಿಲ್ಲವಾ?"

"ಇಲ್ರೀ. ಬೋರ್ಡು ಬಿಟ್ರ ಬ್ಯಾರೇದೇನೂ ಕಾಣತಿದ್ದಿಲ್ಲ ನನಗ."

"ಯಾವಾಗ ಗೊತ್ತಾಯಿತು?"

"ನೀರಿನ ಸಪ್ಪಳದಾಗ ಮೊದಲ ಕೇಳಲಿಲ್ಲ. ಬುಕ್ಕಿನ್ಯಾಗ ಬರದು ತಲಿ ಎತ್ತಿದ ಮ್ಯಾಲ ಹೆಣ್ಮಕ್ಕಳು ಚೀರೂದು ಕೇಳ್ತು. ಓಡಿ ಹ್ವಾದೆ. ನಾಕು ಮಂದೀನ ನಾನ ಎತ್ತಿ ಹೊರಗ ತಂದೀನಿ."

"ಪಂಚನಾಮೆಗೆ ಸಹಿ ಮಾಡಿದೆ. ಆಗಲೂ ಹೇಳಲಿಲ್ಲ. ಯಾಕೆ?"

ಸೂಗಪ್ಪ ಡಬ್ಬಿಯನ್ನೇ ನೋಡುತ್ತಿದ್ದ. "ಹೇಳಿದ್ರ ಅದನ್ನ ಕಸಗೋತಿದ್ರಲ್ರೀ."

ಕಲ್ಯಾಣಿಗೆ ಸಿಟ್ಟು ನೆತ್ತಿಗೇರಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬುದು ಇದಕ್ಕೇ. ಒಬ್ಬಳ ಕೈ ಮುರಿದಿದೆ, ಒಬ್ಬನ ಬದುಕು ಬೀದಿಗೆ ಬಂದಿದೆ; ಈ ಮನುಷ್ಯನಿಗೆ ಟಾರ್ಚಿನ ಚಿಂತೆ.

"ಅಷ್ಟು ದೊಡ್ಡದಾ ಅದು?"

"ಇಪ್ಪತ್ತೆರಡು ವರ್ಷ ಆತ್ರೀ ಈ ಗೇಟಿನ್ಯಾಗ. ನೀರು ಬಿಟ್ರೂ ಬೈತಾರ, ನಿಲ್ಲಿಸಿದ್ರೂ ಬೈತಾರ. ಸೂಗಪ್ಪ ಅಂತ ಕರದು ಯಾರೂ ಮಾತಾಡಸಂಗಿಲ್ಲ. ಇದನ್ನ ನನ್ನ ಕೈಯಾರೆ ಮಾಡೀನಿ. ನಾ ಇಲ್ಲಿಂದ ಕರದ್ರ ಆ ಬೋರ್ಡು ಅಲ್ಲಿಂದ ಓ ಅಂತಿತ್ತು." ಹೇಳುತ್ತಿದ್ದಂತೆ ಅವನ ಮುಖ ಅರಳಿತು, ತಕ್ಷಣ ನಾಚಿಕೆಯಿಂದ ಬಾಡಿತು. "ತಪ್ಪಾತ್ರೀ. ಆ ಡ್ರೈವರಣ್ಣನ ಮಾರಿ ನೋಡಾಕ ನನಗ ಆಗಂಗಿಲ್ಲ."

ಹೊಸ ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಮಾಡಿದರು. ಬಿಎನ್‌ಎಸ್ 125(ಬಿ) ಅಡಿ ಸೂಗಪ್ಪನನ್ನು ಬಂಧಿಸಿದ್ದು ಸಂಜೆ ಐದೂ ಇಪ್ಪತ್ತಕ್ಕೆ. ಜೀಪು ಹತ್ತುವ ಮುನ್ನ ಅವನು ಗೇಟಿನ ಚಕ್ರ ತಿರುವಿ, ಕೆಳಗಿನ ಹೊಲದವರ ಪಾಳಿಯ ನೀರು ಬಿಟ್ಟು ಬಂದ.

ಮರುದಿನ ಬೆಳಿಗ್ಗೆ ಹನುಮಂತ್ರಾಯ ಠಾಣೆಗೆ ಬಂದ. ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಕಲ್ಯಾಣಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಆಪಾದನೆಯಿಂದ ನಿನ್ನ ಹೆಸರು ಬಿಡಿಸಲು ಕೋರ್ಟಿಗೆ ವರದಿ ಕಳಿಸುತ್ತಿದ್ದೇನೆ," ಎಂದಳು. "ಮಾಲೀಕನಿಗೂ ಹೇಳಿದ್ದೇನೆ. ಕೀಲಿ ವಾಪಸ್ ಕೊಡುತ್ತಾನೆ."

"ಖರೇನ ಬೆಳಕು ಇತ್ತೇನ್ರೀ?"

ಅವಳು ನೋಟುಬುಕ್ಕು ತೆರೆದಳು. ಪ್ರತಿ ಪುಟದಲ್ಲೂ ತಾರೀಖು, ಹೊತ್ತು, ಮೊಳೆ ಎಷ್ಟು ತಿರುವಿದೆ, ಬೋರ್ಡು ಎಷ್ಟು ಹೊಳೆಯಿತು. ಕೊನೆಯ ಬರಹವನ್ನು ಗಟ್ಟಿಯಾಗಿ ಓದಿದಳು.

"ಜನವರಿ ಒಂಬತ್ತು, ಶುಕ್ರವಾರ. ಆರು ಗಂಟಿ ನಲವತ್ತೆರಡು ನಿಮಿಷ. ಬೋರ್ಡು ಇವತ್ತಿನಷ್ಟು ಎಂದೂ ಹೊಳದಿಲ್ಲ. ಅದು ನನ್ನ ಕಡೀನ ನಡಕೋಂತ ಬಂದಂಗ ಆತು."

ಹೊಳೆದದ್ದು ಬೋರ್ಡಲ್ಲ, ನಿನ್ನ ಗಾಡಿಯ ಮುಂದೆ ಅಂಟಿಸಿದ್ದ ಹೊಳೆಯುವ ಪಟ್ಟಿ, ನಡೆದು ಬಂದದ್ದು ನೀನು ಎಂದು ಅವಳು ವಿವರಿಸಬೇಕಾಗಲಿಲ್ಲ. ಹನುಮಂತ್ರಾಯನಿಗೆ ತಿಳಿದಿತ್ತು. ಅವನು ಮೇಜಿನ ಅಂಚು ಹಿಡಿದುಕೊಂಡ.

"ಅಂದ್ರ ನಾ ಎಚ್ಚರ ಇದ್ದೆ."

"ಎಚ್ಚರ ಇದ್ದೆ."

ಅವನು ಹೊರಗೆ ಹೋದ. ಠಾಣೆಯ ಮುಂದಿನ ಬೇವಿನ ಕೆಳಗೆ ಹೇಳಿಕೆ ಕೊಡಲು ಬಂದ ಕೂಲಿ ಹೆಂಗಸರು ಕೂತಿದ್ದರು, ಪ್ಲಾಸ್ಟರಿನ ಕೈಯ ಆದೆಮ್ಮನೂ ಇದ್ದಳು. ಒಂದು ನಿಮಿಷದಲ್ಲಿ ಅವನು ಅವರೆಲ್ಲರನ್ನೂ ಬಾಗಿಲವರೆಗೆ ಕರೆದುಕೊಂಡು ಬಂದು, ತಾನು ಹಿಂದೆ ನಿಂತ.

"ಮೇಡಂ," ಎಂದ, "ಇನ್ನೊಮ್ಮಿ ಓದ್ರಿ. ಸ್ವಲ್ಪ ಜೋರಾಗಿ."