ಕೆಮ್ಮಿನ ರಿಜಿಸ್ಟರು

“ಕೆಮ್ಮು ಉಂಟಾ ಮೋಳೇ?” ವಕೀಲೆ ಗ್ರೇಸಿ ಆಂಟಿ ಕನ್ನಡಕ್ಕೆ ಮಲಯಾಳ ಬೆರೆಸಿ ಕೇಳಿದರು.

ಅಪೂರ್ವಾಳ ಗಂಟಲಲ್ಲಿ ಆಗಷ್ಟೇ ಒಂದು ಕೆಮ್ಮು ಬಂದು ನಿಂತಿತ್ತು. ತುಟಿ ಬಿಗಿಹಿಡಿದು ಅದನ್ನು ನುಂಗಿದಳು. ಮುಖ ಟೊಮೇಟೊ ಆಯಿತು.

“ಕುಳಪ್ಪಮಿಲ್ಲ ಆಂಟಿ. ಐ ಆ್ಯಮ್ ಫೈನ್.”

ಶನಿವಾರ ಶಾಲೆಯಲ್ಲಿ ರಿಲೇ ಓಟವಿತ್ತು. ಕೆಮ್ಮು ಇದೆ ಎಂದು ಕೋರ್ಟಿಗೆ ಬರೆದುಕೊಟ್ಟರೆ ಪಿಟಿ ಸರ್‌ಗೆ ಗೊತ್ತಾಗುತ್ತದೆ, ಆಮೇಲೆ ತನ್ನ ಬದಲು ನಿಶಾ ಓಡುತ್ತಾಳೆ ಎಂದು ಅವಳಿಗೆ ಭಯ.

ತ್ರಿಪ್ಪುಣಿತ್ತುರದ ಅವರ ಫ್ಲ್ಯಾಟಿನಾಚೆ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ಎಂಟು ದಿನ ಹೊಗೆ ಕವಿದಿತ್ತು. ಹೊಗೆ ಹೋದರೂ ಕೆಮ್ಮು ಹೋಗಿರಲಿಲ್ಲ. ಕಾಯಿಲೆ ಬಿದ್ದವರೆಲ್ಲ ಸೇರಿ ಪರಿಹಾರಕ್ಕೆ ಕೇಸು ಹಾಕುತ್ತಿದ್ದರು. ಗ್ರೇಸಿ ಆಂಟಿ ಕನ್ನಡ ಬಲ್ಲ ಕಾಸರಗೋಡಿನವರಾದ್ದರಿಂದ ಈ ಕನ್ನಡದ ಮನೆಗೆ ಅವರೇ ಬಂದಿದ್ದರು.

“ದಾಖಲೆ ಏನಾದ್ರೂ ಉಂಟಾ?”

ಅಪ್ಪ ದಾಮೋದರ ಬ್ಯಾಂಕಿನವರು. ಈ ಪ್ರಶ್ನೆಗೇ ಕಾದಿದ್ದವರಂತೆ ಒಂದು ಉದ್ದನೆಯ ರಿಜಿಸ್ಟರು ತಂದಿಟ್ಟರು. ತಾರೀಕು, ಸಮಯ, ಕೆಮ್ಮಿನ ಸಂಖ್ಯೆ, ಬರೆದವರ ಸಹಿ, ಪರಿಶೀಲಿಸಿದವರ ಸಹಿ.

“ಪರಿಶೀಲಿಸಿದವರು ಯಾರು?”

“ಇನ್ಯಾರು, ನಾನೇ,” ಎಂದರು ಅಮ್ಮ ಚಂದ್ರಾವತಿ. “ನಿದ್ದೆಯಿಂದ ಎಬ್ಬಿಸಿ ಸಹಿ ಹಾಕಿಸ್ಕೋತಾರೆ.”

“ಒಬ್ರೇ ಬರೆದ್ರೆ ಬ್ಯಾಂಕಲ್ಲಿ ಎಂಟ್ರಿ ಪಾಸಾಗಲ್ಲ ಕಣೇ.”

“ಸೀಲ್ ಒಂದು ಬಾಕಿ ಮಾರಾಯ್ರೇ,” ಎಂದು ಗ್ರೇಸಿ ಆಂಟಿ ನಕ್ಕರು.

ಅಪೂರ್ವಾಳಿಗೆ ಸಿಟ್ಟು ನೆತ್ತಿಗೇರಿತು. ಕೆಮ್ಮು ತನ್ನದು, ಲೆಕ್ಕ ಅಪ್ಪನದಾ? ಒಂದು ತಪ್ಪು ಸಿಕ್ಕರೂ ಸಾಕೆಂದು ರಿಜಿಸ್ಟರನ್ನು ಎಳೆದುಕೊಂಡಳು.

1.40. ಎರಡು ಕೆಮ್ಮು.

3.10. ಐದು. ಬಿಸಿನೀರು ಕೊಟ್ಟೆ.

4.25. ಮೂರು. ದಿಂಬು ಎತ್ತರಿಸಿದೆ. ಮಲಗಿದಳು.

ಪುಟ ತಿರುಗಿಸಿದಳು. ಮರುದಿನವೂ ಹಾಗೇ. ದಿನ ಕಳೆದಂತೆ ಅಪ್ಪನ ಸಹಿ ಸೊಟ್ಟಗಾಗುತ್ತ ಬಂದಿತ್ತು. ಒಂದು ಕಡೆ ಗೆರೆ ಬಿಟ್ಟು ಕೆಳಗೆ ಜಾರಿತ್ತು.

ಬಿಸಿನೀರು ಕುಡಿದದ್ದು ಅವಳಿಗೆ ನೆನಪೇ ಇರಲಿಲ್ಲ. ನೆನಪಿದ್ದದ್ದು ಬೇರೆ. ಅದೇ ವಾರ ಅಪ್ಪ ಮೆಟ್ರೋದಲ್ಲಿ ನಿದ್ದೆಹೋಗಿ, ಇಳಿಯಬೇಕಾದ ಸ್ಟೇಷನ್ ದಾಟಿ ಎಲ್ಲೆಲ್ಲೋ ಹೋಗಿದ್ದರು. ಅದನ್ನು ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈಗ ನಾಚಿಕೆಯಾಯಿತು.

ತಡೆದಿಟ್ಟಿದ್ದ ಕೆಮ್ಮು ನುಗ್ಗಿ ಬಂತು. ಒಂದಲ್ಲ, ನಾಲ್ಕು. ಅಪ್ಪ ತಕ್ಷಣ ಗಡಿಯಾರ ನೋಡಿದರು.

“ಹಾಗಾದ್ರೆ ಉಂಟು,” ಎಂದರು ಗ್ರೇಸಿ ಆಂಟಿ. “ರಾತ್ರಿ ಎಷ್ಟು ಸಲ ಬರ್ತದೆ?”

ಅಪೂರ್ವಾ ರಿಜಿಸ್ಟರನ್ನು ಮೆಲ್ಲನೆ ಅಪ್ಪನ ಕಡೆ ತಳ್ಳಿದಳು.

“ಅಪ್ಪನ್ನೇ ಕೇಳಿ ಆಂಟಿ. ನಾನು ಮಲಗಿರ್ತೀನಿ.”