ಜುಮ್ಮಾದಂದು ಮೂಕವಾದ ಕರೆಪೆಟ್ಟಿಗೆ

ಬಳೆ ಮಾರುವ ರಾಚವ್ವ ಗಿರಾಕಿಯ ಕೈಗೆ ಬಳೆ ಏರಿಸುತ್ತಿದ್ದಾಗಲೇ ಸುತ್ತಲಿದ್ದವರ ಫೋನುಗಳೆಲ್ಲ ಒಟ್ಟಿಗೆ ಅವಳ ಹೆಸರು ಕೂಗಿಕೊಂಡವು. ಅವಳಿಗೆ ಇನ್ನೂ ಏನೂ ಆಗಿರಲಿಲ್ಲ. "ನನಗ್ಯಾಕ ಮುತ್ತಿಗಿ ಹಾಕೀರಿ, ಬಳಿ ಒಡದಾವು" ಎಂದು ಬೈಯುತ್ತಿದ್ದವಳನ್ನು ಅಕ್ಕಪಕ್ಕದವರು ಹಿಡಿದು ಮಲಗಿಸಿದರು. ಮಸೀದಿಯಲ್ಲಿ ಅಜಾನ್ ಕೂಗುವ ದಸ್ತಗೀರಸಾಬ ಓಡಿಬಂದು, ಊರಿನವರೆಲ್ಲರಂತೆ ಜೇಬಿನಲ್ಲಿಟ್ಟುಕೊಂಡಿದ್ದ ಸೂಜಿಮದ್ದನ್ನು ಅವಳ ತೋಳಿಗೆ ಚುಚ್ಚಿದ. ಮುಂದಿನ ಸಂತೆಗೆ ರಾಚವ್ವ ಮತ್ತೆ ಅದೇ ಕಟ್ಟೆಯ ಮೇಲೆ ಕುಳಿತು ಅವನನ್ನೇ ಬೈಯುತ್ತಿದ್ದಳು: "ಸಾಬಣ್ಣ, ನೀ ಚುಚ್ಚಿದ್ದು ಇನ್ನೂ ನೋಯ್ತದ."

ಇದು ಈಗಿನ ಮಕ್ಕಳು ಅಜ್ಜ ಅಜ್ಜಿಯರಾಗುವ ಕಾಲದ ಮಾತು. ಅದೇ ಊರಿನ ಹುಡುಗಿ ತಹಸೀನಾ ಜಮಾದಾರ ಓದಿ ವಿಜ್ಞಾನಿಯಾಗಿ ಎದೆಪಟ್ಟಿಯನ್ನು ಕಂಡುಹಿಡಿದಿದ್ದಳು. ಹೃದಯ ನಿಲ್ಲುವ ಮೊದಲು ಅದರ ಒಳಗಿನ ವಿದ್ಯುತ್ತಿನ ಅಲೆಗಳಲ್ಲಿ ಸಣ್ಣದೊಂದು ನಡುಕ ಹುಟ್ಟುತ್ತದೆ. ಪಟ್ಟಿ ಆ ನಡುಕವನ್ನು ಹಿಡಿದು, ಕಟ್ಟಿಕೊಂಡವನಿಗಲ್ಲ, ಕೆಲವೇ ಮಾರು ದೂರದಲ್ಲಿದ್ದವರ ಫೋನಿಗೆ ಸುದ್ದಿ ಮುಟ್ಟಿಸುತ್ತಿತ್ತು. ಬೀಳುವವನು ತನ್ನನ್ನು ತಾನು ಎತ್ತಿಕೊಳ್ಳಲಾರ ಎಂಬುದು ತಹಸೀನಾಳ ತರ್ಕ. ಎದೆ ಹಿಡಿದುಕೊಂಡು ಕುಸಿದು ಸಾಯುವುದು ಊರಿಗೆ ಮರೆತೇಹೋದಂತಾಗಿತ್ತು.

ಮಸೀದಿಯಲ್ಲಿ ಮಾತ್ರ ಒಂದು ತೊಡಕು. ನಮಾಜಿಗೆ ನಿಲ್ಲುವ ಮೊದಲು ಎಲ್ಲರೂ ಫೋನ್ ಬಂದ್ ಮಾಡುತ್ತಾರೆ. ಹಾಗೆಂದೇ ತಹಸೀನಾ ಅಲ್ಲಿನ ಗೋಡೆಗೆ, ಪಟ್ಟಿಯ ಸುದ್ದಿ ಬಂದೊಡನೆ ಜೋರಾಗಿ ಕೂಗುವ ಒಂದು ಕರೆಪೆಟ್ಟಿಗೆ ಹಾಕಿಸಿದಳು. ಅದು ಒಮ್ಮೆ ಸುಮ್ಮಸುಮ್ಮನೆ ಕೂಗಿ, ನಮಾಜಿಗೆ ನಿಂತ ಜಮಾತಿನ ಸಾಲುಗಳೆಲ್ಲ ಚದುರಿದವು. ಹಿರಿಯರು ದಸ್ತಗೀರನನ್ನು ತರಾಟೆಗೆ ತೆಗೆದುಕೊಂಡರು. ಅಂದಿನಿಂದ ಅವನು ನಮಾಜಿಗೆ ಮೊದಲು ಪೆಟ್ಟಿಗೆಯ ಬಾಯಿಗೆ ಬಟ್ಟೆ ತುರುಕಿ, ಮುಗಿದ ಮೇಲೆ ತೆಗೆಯತೊಡಗಿದ. ಅಲ್ಲಾಹನ ಮನೆಯ ಅದಬು, ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡಿದ್ದ.

ಒಂದು ಶುಕ್ರವಾರ ಹಣ್ಣಿನ ವ್ಯಾಪಾರಿ ಅಮೀನಸಾಬ ಬಾಗವಾನರು ಸಜ್ದಾಕ್ಕೆ ನೆಲಕ್ಕೆ ಹಣೆಯೂರಿದವರು ಏಳಲೇ ಇಲ್ಲ.

ಊರಿಗೆ ಊರೇ ಅಂಥ ಸಾವಿಗೆ ಆಸೆಪಟ್ಟಿತು. "ಜುಮ್ಮಾದ ದಿನ, ಸಜ್ದಾದಾಗ! ಎಂಥ ನಸೀಬು" ಎಂದರು. ಪೆಟ್ಟಿಗೆ ಯಾಕೆ ಕೂಗಲಿಲ್ಲವೆಂದು ಯಾರೂ ಕೇಳಲಿಲ್ಲ. ಶವದ ಜನಾಜಾಕ್ಕೆ ಹೆಗಲು ಕೊಟ್ಟ ದಸ್ತಗೀರನಿಗೆ ಮಾತ್ರ ಕಾರಣ ಗೊತ್ತಿತ್ತು. ಅಜಾನ್ ಕೂಗುವಾಗ ತನ್ನ ದನಿ ತನಗೇ ಸುಳ್ಳೆನಿಸತೊಡಗಿತು.

ಪೆಟ್ಟಿಗೆ ನೋಡಲು ತಹಸೀನಾ ಬಂದಾಗ ಅವನು ತಡೆಯಲಾರದೆ ಎಲ್ಲವನ್ನೂ ಹೇಳಿದ. ಆಮೇಲೆ ಕೇಳಿದ, "ಅವರ ಸಾವಿನ ಗಳಿಗಿ ಮೊದಲ ಬರೆದಿತ್ತಲ್ಲ ಬೇಟಿ? ಅಲ್ಲಾಹನ ಅಪ್ಪಣಿ ಇಲ್ದ ಎಲಿ ಸೈತ ಉದುರೂದಿಲ್ಲ."

ತಹಸೀನಾ ಪೆಟ್ಟಿಗೆಯಿಂದ ಕೈ ತೆಗೆದು ಅವನತ್ತ ತಿರುಗಿದಳು. "ಬರೆದದ್ದು ಓದೂ ಯಂತ್ರ ನಾ ಮಾಡಿಲ್ಲ ಚಾಚಾ. ಎದಿ ನಡುಗೂದು ಕೇಳೂ ಯಂತ್ರ ಮಾಡೀನಿ, ಅಷ್ಟ. ಸುಮ್ಮಸುಮ್ಮನ ಕೂಗಿದಾಗ ತಕ್ಷಣ ಬಂದು ದುರಸ್ತಿ ಮಾಡಬೇಕಿತ್ತು, ನಾನೂ ಮಾಡ್ಲಿಲ್ಲ. ನನ್ನ ಪಾಲಿಂದು ನಾ ಅವನ ಮುಂದ ಹೇಳ್ಕೋಬೇಕು. ನಿಮ್ಮ ಪಾಲಿಂದು ನೀವು."

ದಸ್ತಗೀರ ಅಮೀನಸಾಬರ ಮನೆಗೆ ಹೋದ. ವಿಧವೆ ಖೈರುನಬಿ ಗಂಡ ಸತ್ತ ಮೇಲೆ ಕೂರುವ ಇದ್ದತ್ತಿನಲ್ಲಿದ್ದಳು. ಆ ಅವಧಿಯಲ್ಲಿ ಪರಗಂಡಸರ ಎದುರು ಬರುವಂತಿಲ್ಲ. ಅವನು ಹೊಸ್ತಿಲಾಚೆ ನಿಂತು ಪರದೆಗೆ ಮುಖ ಮಾಡಿ ಬಟ್ಟೆಯ ಕತೆ ಹೇಳಿ ಮುಗಿಸಿದ.

ಪರದೆಯ ಹಿಂದೆ ಖೈರುನಬಿ ಹೊಸ್ತಿಲ ಹತ್ತಿರಕ್ಕೆ ಬಂದಳು.

"ಜನ್ನತಿಗೆ ನೆಟ್ಟಗ ಹೋದ್ರು ಅಂತ ಎಲ್ಲಾರೂ ಹೇಳಿದ್ರು" ಎಂದಳು. "ಅದೊಂದು ಮಾತ ಹಿಡ್ಕೊಂಡು ಕುಂತಿದ್ದೆ. ಅದನ್ನೂ ಒಯ್ಯಾಕ ಬಂದ್ರೇನು?"

"ಇಲ್ಲ ಭಾಭಿ. ಅವರ ಸಾವು ಪುಣ್ಯದ್ದ. ಪಾಪ ನನ್ನದು."

"ಅವರ ಆಯುಷ್ಯ ತುಂಬಿತ್ತೋ ಇಲ್ಲೋ, ಅದು ಅಲ್ಲಾಹನಿಗೆ ಬಿಟ್ಟದ್ದು. ಅರಿವಿ ತುರುಕಿದ್ದು ನಿಮ್ಮ ಕೈ. ಅವನ ಹೆಸರಿನ್ಯಾಗ ನಿಮ್ಮ ಕೈ ಮುಚ್ಚಬ್ಯಾಡ್ರಿ." ಅವಳ ದನಿ ಒಡೆಯಿತು. "ಮಾಫ್ ಮಾಡೀನಿ ಅಂತ ಇವತ್ತ ನನ್ನ ಬಾಯಿಲೆ ಬರೂದಿಲ್ಲ. ಒಂದು ಹೇಳ್ರಿ. ಅವರ ಬಾಜೂಕ ಯಾರು ನಿಂತಿದ್ರು?"

ಅಜಾನ್ ಕೂಗುವವನು ನಿಲ್ಲುವುದು ಮೊದಲ ಸಾಲಿನಲ್ಲಿ. ಅಮೀನಸಾಬರ ಭುಜ ಅಂದು ತಾಗುತ್ತಿದ್ದುದು ದಸ್ತಗೀರನ ಭುಜಕ್ಕೇ.

"ನಾನ."

"ಏನೂ ಕೇಳಿಸ್ಲಿಲ್ಲಾ?"

ಕೇಳಿಸಿತ್ತು. ಸಜ್ದಾದಲ್ಲಿದ್ದಾಗ ಪಕ್ಕದಲ್ಲೊಂದು ಉಸಿರು ಬಟ್ಟೆ ಹರಿದಂತೆ ಎಳೆದಿತ್ತು. ಬಳಿಕ ಬೆರಳುಗಳು ಚಾಪೆಯನ್ನು ಕೆರೆದಿದ್ದವು. ಜೀವ ಉಳಿಸಲು ನಮಾಜ್ ಮುರಿಯಬೇಕೆಂಬುದು ಅವನು ಮಕ್ಕಳಿಗೂ ಕಲಿಸಿದ ಪಾಠ. ಆದರೂ ಹಣೆ ಎತ್ತಿರಲಿಲ್ಲ. ಏನಾದರೂ ಇದ್ದರೆ ಪೆಟ್ಟಿಗೆ ಕೂಗುತ್ತದೆ ಎಂದು ಆ ಗಳಿಗೆಯಲ್ಲಿ ಅನ್ನಿಸಿತ್ತು. ಅದರ ಬಾಯಿ ಮುಚ್ಚಿದವನೇ ಅದರ ಕೂಗಿಗೆ ಕಾದಿದ್ದ.

ಎದೆಪಟ್ಟಿ ಹುಟ್ಟುವ ಮುಂಚೆಯೂ ಮನುಷ್ಯರು ಭುಜಕ್ಕೆ ಭುಜ ತಾಗಿಸಿಯೇ ನಿಲ್ಲುತ್ತಿದ್ದರು. ಈಗಲೂ ಹಾಗೆಯೇ ನಿಲ್ಲುತ್ತೇವೆ. ಪಕ್ಕದವರ ಉಸಿರು ಕೇಳಲು ನಮಗೆ ಕಿವಿ ಕೊಟ್ಟವನು, ಕೇಳಿತೇ ಎಂದು ಒಂದು ದಿನ ವಿಚಾರಿಸದೆ ಬಿಡುವನೇ?

"ಕೇಳಿಸಿತ್ತು ಭಾಭಿ" ಎಂದ ದಸ್ತಗೀರ.