ಏಳನೇ ಕಲಂ

ಮಂಗಳವಾರ ಬೆಳಿಗ್ಗೆ 10.20. ಎರಡು ತಿಂಗಳ ಹಿಂದೆ ತೀರಿಕೊಂಡ ಸರ್ಕಾರಿ ಪಂಪ್ ಆಪರೇಟರ್‌ನ ಹೆಂಡತಿ ಏದುಸಿರು ಬಿಡುತ್ತಾ ಠಾಣೆಗೆ ಬಂದು ಮಗಳ ನೋಟ್‌ಬುಕ್ ಬಿಚ್ಚಿದಳು.

"ಗಂಡ ಕೆಲಸದಲ್ಲಿದ್ದಾಗಲೇ ಹೋದ್ರೆ ಮನೆಯವರು ಒಂದು ವರ್ಷ ಕ್ವಾರ್ಟರ್ಸ್‌ನಲ್ಲಿ ಇರಬಹುದು ಅಂತ ಕಾನೂನಿದೆ ಸಾರ್. ಹೋದ ವಾರ ಗ್ರಂಥಾಲಯದ ಗೆಜೆಟ್‌ನಲ್ಲಿ ಓದಿ ಪುಟದ ನಂಬರ್ ಬರ್ಕೊಂಡೆ. ಇವತ್ತು ಆ ಪುಟಾನೇ ಇಲ್ಲ! ಮನೆ ಖಾಲಿ ಮಾಡಿಸೋ ಕೇಸು, ನಾಳೆ ಹನ್ನೊಂದಕ್ಕೆ ಕೋರ್ಟು. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

10.45ಕ್ಕೆ ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಗ್ರಂಥಾಲಯದಲ್ಲಿ ಪಂಚನಾಮೆ: 412ನೇ ಪುಟವನ್ನು ಹೊಲಿಗೆಯ ಪಕ್ಕದಲ್ಲೇ ಬ್ಲೇಡಿನಿಂದ ನೀಟಾಗಿ ಕತ್ತರಿಸಲಾಗಿದೆ.

ಹೆಡ್ ಕಾನ್‌ಸ್ಟೇಬಲ್ ಫೋನ್ ಚಾಚಿದ. "ಸರ್ಕಾರದ ವೆಬ್‌ಸೈಟ್‌ನಲ್ಲಿ ಇಡೀ ಕಾಯ್ದೆ ಇದೆ ಸಾರ್. ಆಯಮ್ಮ ಹೇಳೋ ಮಾತು ಇಲ್ಲ. ಇಲ್ಲಿರೋ ಈ ಮೂರು ಕಾನೂನು ಗೈಡಲ್ಲೂ ಇಲ್ಲ. ನಾಲ್ಕು ಸಾಕ್ಷಿ!"

"ಗೈಡು ಮೂರೂ ವೆಬ್‌ಸೈಟ್ ನೋಡಿ ಹೊಡೆದ ಕಾಪಿ," ಗ್ರಂಥಪಾಲಕಿ ನಕ್ಕರು. "ಇರೋದು ಒಂದೇ ಸಾಕ್ಷಿ."

ಇನ್‌ಸ್ಪೆಕ್ಟರ್ ಫೋನಿನ ಮೇಲೆ ಬೆರಳಿಟ್ಟು ಕಲಂಗಳ ಸಂಖ್ಯೆ ಓದಿದರು. ಐದು, ಆರು, ಎಂಟು.

"ಏಳನೇ ಕಲಂ ಎಲ್ಲಿ ಹೋಯ್ತ್ರೀ? ಮೂಲ ಬೇರೆಲ್ಲಿ ಸಿಗುತ್ತೆ?"

"ಸರ್ಕಾರಿ ಮುದ್ರಣಾಲಯ. ಅಚ್ಚಾದ ಒಂದೊಂದು ಗೆಜೆಟ್‌ದೂ ಒಂದು ಪ್ರತಿ ಎತ್ತಿಡ್ತಾರೆ. ಐದಕ್ಕೆ ಬಾಗಿಲು ಹಾಕ್ತಾರೆ, ಓಡಿ!"

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಹೆಂಗಸನ್ನು ಕೇಳಿದರು. "ಇದನ್ನ ಬೇರೆ ಯಾರಿಗೆ ಹೇಳಿದ್ರಿ?"

"ವೆಬ್‌ಸೈಟ್‌ನೋರಿಗೆ ಕಾಗದ ಬರೆದೆ. ಏಳು ಬಿಟ್ಟುಹೋಗಿದೆ, 412 ನೋಡಿ ಅಂತ."

ಜೊತೆಗೆ ತಂದಿದ್ದ ಗ್ರಂಥಾಲಯದ ರಿಜಿಸ್ಟರಿನಲ್ಲಿ ಅವಳ ನಂತರ ಆ ಸಂಪುಟ ಪಡೆದವರು ಒಬ್ಬರೇ: ವೆಬ್‌ಸೈಟ್ ವಿಭಾಗದ ಕರಡು ತಿದ್ದುವವರು. ಸೋಮವಾರದ ಸಹಿ.

ಮುದ್ರಣಾಲಯದ ಗೋದಾಮಿನಲ್ಲಿ ಮೂರು ಗಂಟೆ ಧೂಳು ಕುಡಿದ ಮೇಲೆ, 4.35ಕ್ಕೆ, ಹೆಡ್ ಕಾನ್‌ಸ್ಟೇಬಲ್ ಏಣಿಯ ಮೇಲಿಂದಲೇ ಕೂಗಿದ. "ಸಿಕ್ತು ಸಾರ್! ಏಳು ಇದೆ! ಒಂದು ವರ್ಷ!" ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೃಢೀಕೃತ ಪ್ರತಿಗೆ ಮೊಹರು ಬೀಳುವವರೆಗೂ ಅವಳು ಆ ಪುಟದ ಪಕ್ಕದಿಂದ ಕದಲಲಿಲ್ಲ.

ವೆಬ್‌ಸೈಟ್ ವಿಭಾಗ ಅದೇ ಕಟ್ಟಡದ ಮಹಡಿಯಲ್ಲಿತ್ತು. 4.55ಕ್ಕೆ ಕರಡು ತಿದ್ದುವವರು ತಾವಾಗಿಯೇ ಡ್ರಾಯರ್ ಎಳೆದರು. ಪುಟ ಮಡಿಕೆಯಿಲ್ಲದೆ ಮಲಗಿತ್ತು.

"ಹರಿದುಹಾಕೋಕೆ ಕೈ ಬರಲಿಲ್ಲ."

"ವೆಬ್‌ಸೈಟ್‌ನಲ್ಲಿ ಏಳು ಬಿಟ್ಟಿದ್ದು ನನ್ನ ತಪ್ಪು ಅಂತ ಹೇಳಿದ್ರೆ ಮುಗೀತಿತ್ತಲ್ಲ?"

ಅವರು ಗೋಡೆಯ ಕಡೆ ನೋಡಿದರು. ಶುಕ್ರವಾರದ ಅವರ ನಿವೃತ್ತಿಯ ಬೀಳ್ಕೊಡುಗೆಗೆ ತಯಾರಾದ ಫಲಕ ಅಲ್ಲಿ ಒರಗಿತ್ತು: 'ಮೂವತ್ತೆರಡು ವರ್ಷ, ಒಂದೂ ತಪ್ಪಿಲ್ಲದ ಸೇವೆ.' ಇನ್‌ಸ್ಪೆಕ್ಟರಿಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

ಠಾಣೆಯಲ್ಲಿ ಬಂಧನದ ಕಾಗದ ಮುಂದಿಟ್ಟಾಗ ಅವರು ಪೆನ್ನನ್ನು ಸಾಲಿನಿಂದ ಸಾಲಿಗೆ ನಡೆಸಿ, ಮಧ್ಯದಲ್ಲಿ ನಿಂತರು.

"ಸಾರ್, ಇಲ್ಲಿ ಪುಟದ ನಂಬರ್ ಬಿಟ್ಟುಹೋಗಿದೆ."

ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡು 412 ಎಂದು ಬರೆದ. ಆಮೇಲೆ ಅವರು ಸಹಿ ಹಾಕಿದರು.